ಅನಿಮೇಷನ್ ಹಾಸ್ಯ ಸರಣಿಗಳಲ್ಲಿ ಸಾತತ್ಯ ಮತ್ತು ಶಾಶ್ವತ ಬದಲಾವಣೆ: ‘ದಿ ಸಿಂಪ್ಸನ್ಸ್’ ಅನ್ನು ಅನುಲಕ್ಷಿಸಿ

ತೆನಾಲಿ ರಾಮಕೃಷ್ಣನ ಕಥೆಗಳನ್ನು ಯಾವ ಅನುಕ್ರಮದಲ್ಲಿ ಹೇಳಿದರೂ ನಡೆಯುತ್ತದೆ. ಒಂದು ಕಥೆಯಲ್ಲಿ ದೊರೆಯ ಕೋಪಕ್ಕೆ ಗುರಿಯಾದವನು ಮತ್ತೊಂದರ ಆರಂಭದಲ್ಲಿ ಯಥಾಪ್ರಕಾರ ಆಸ್ಥಾನದಲ್ಲಿರುತ್ತಾನೆ. ಮೌಖಿಕ ಕಥಾಚಕ್ರಗಳ ಈ ಲಕ್ಷಣವು ಅಮೆರಿಕದ ಅನಿಮೇಷನ್ ಹಾಸ್ಯ ಸರಣಿಗಳಲ್ಲಿಯೂ ಕಂಡುಬರುವುದು ಕುತೂಹಲಕರ. ಆದರೆ ಅಲ್ಲಿ ಕೆಲವು ಬದಲಾವಣೆಗಳು ಅಳಿಸಿಹೋಗದೆ ಉಳಿಯುತ್ತವೆ. ಅವು ಏಕೆ ಉಳಿಯುತ್ತವೆ ಎಂಬುದನ್ನು ‘ದಿ ಸಿಂಪ್ಸನ್ಸ್’ ಸರಣಿಯ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮ್ಯಾಟ್ ಗ್ರೇನಿಂಗ್ ಸೃಷ್ಟಿಸಿದ ಈ ಕುಟುಂಬವು 1987ರಲ್ಲಿ ಕಿರುಚಿತ್ರಗಳ ಮೂಲಕ ಪರಿಚಯವಾಗಿ, 1989ರ ಡಿಸೆಂಬರ್‌ನಲ್ಲಿ ಫಾಕ್ಸ್ ವಾಹಿನಿಯ ಸ್ವತಂತ್ರ ಸರಣಿಯಾಯಿತು. ಬಾರ್ಟ್‌ಗೆ ಅಂದೂ ಹತ್ತು ವರ್ಷ, ಇಂದೂ ಹತ್ತೇ ವರ್ಷ. ಮರುಪ್ರಸಾರದಲ್ಲಿ ಕಂತುಗಳು ಯಾವ ಕ್ರಮದಲ್ಲಾದರೂ ಬರಬಹುದಾದ್ದರಿಂದ ಪ್ರತಿ ಕಂತೂ ಒಂದೇ ಸ್ಥಿತಿಯಿಂದ ಹೊರಡುವುದು ಅನುಕೂಲಕರ. ಇದರ ಪರಿಣಾಮವಾಗಿ ಜಾರುವುದು ಹಿರಿಯರ ಪೂರ್ವಕಥೆ. 1991ರ ಕಂತೊಂದರಲ್ಲಿ ಹೋಮರ್ ಮತ್ತು ಮಾರ್ಜ್ 1974ರಲ್ಲಿ ಶಾಲಾ ವಿದ್ಯಾರ್ಥಿಗಳು. 2008ರ ಕಂತೊಂದರಲ್ಲಿ ಅವರ ಯೌವನವು 1990ರ ದಶಕಕ್ಕೆ ಸರಿದಿದೆ. ಜಾಕ್ ಗೂಡಿ ಮತ್ತು ಇಯಾನ್ ವಾಟ್ 1963ರಲ್ಲಿ ಚರ್ಚಿಸಿದ ಘಾನಾದ ಗೊಂಜಾ ಜನರ ವಂಶಾವಳಿ ಇಲ್ಲಿ ನೆನಪಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಾಖಲಿಸಿದಾಗ ರಾಜ್ಯಸ್ಥಾಪಕನಿಗೆ ಏಳು ಮಕ್ಕಳು, ರಾಜ್ಯಕ್ಕೆ ಏಳು ವಿಭಾಗಗಳು. ಸುಮಾರು ಅರುವತ್ತು ವರ್ಷಗಳ ನಂತರ ಎರಡು ವಿಭಾಗಗಳು ಇಲ್ಲವಾಗಿದ್ದವು. ಮಕ್ಕಳೂ ಐವರೇ ಆಗಿದ್ದರು. ವರ್ತಮಾನಕ್ಕೆ ಬೇಡವಾದ ಗತವನ್ನು ಮೌಖಿಕ ಪರಂಪರೆಯು ಸದ್ದಿಲ್ಲದೆ ಮರೆಯುತ್ತದೆ.

ದೃಶ್ಯಮಾಧ್ಯಮಕ್ಕೆ ಈ ಸೌಕರ್ಯವಿಲ್ಲ. ಹಳೆಯ ಕಂತು ಮುದ್ರಿತವಾಗಿ ಉಳಿದಿರುತ್ತದೆ, ಪ್ರೇಕ್ಷಕನು ಹೋಲಿಸಿ ನೋಡುತ್ತಾನೆ. 1997ರ ಕಂತೊಂದರಲ್ಲಿ ಶಾಲೆಯ ಪ್ರಾಂಶುಪಾಲ ಸ್ಕಿನ್ನರ್ ಬೇರೊಬ್ಬನ ಹೆಸರು ಧರಿಸಿ ಬದುಕಿದ ವಂಚಕನೆಂದು ಬಯಲಾಗುತ್ತದೆ. ಕೊನೆಗೆ ನ್ಯಾಯಾಧೀಶನು, ಯಾರೂ ಇನ್ನು ಈ ವಿಷಯವನ್ನು ಎತ್ತಕೂಡದು, ಎತ್ತಿದರೆ ಚಿತ್ರಹಿಂಸೆ ಎಂದು ಆಜ್ಞೆ ಹೊರಡಿಸುತ್ತಾನೆ! ಮರೆವನ್ನು ಆಜ್ಞೆಯ ಮೂಲಕ ಸಾಧಿಸಬೇಕಾಗಿ ಬಂದುದೇ ಈ ಹಾಸ್ಯದ ತಿರುಳು. ಹಲವು ಪ್ರೇಕ್ಷಕರು ಇದನ್ನು ಕ್ಷಮಿಸಲಿಲ್ಲ ಎಂಬುದೂ ಗಮನಾರ್ಹ.

ಹಾಗಾದರೆ ಶಾಶ್ವತವಾಗುವುದು ಯಾವುದು? ಕಥೆಯ ತರ್ಕದಿಂದ ಹುಟ್ಟಿದ ಬದಲಾವಣೆಗಳೂ ಕೆಲವು ಉಂಟು. ಅಂಗಡಿಕಾರ ಅಪುವಿಗೆ 1997ರಲ್ಲಿ ಮಂಜುಳಾಳೊಡನೆ ಮದುವೆಯಾಗಿ, 1999ರಲ್ಲಿ ಒಂದೇ ಹೆರಿಗೆಯಲ್ಲಿ ಎಂಟು ಮಕ್ಕಳು ಹುಟ್ಟಿದುದು ಹೀಗೆ ಉಳಿದುಕೊಂಡಿತು. ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಾಢವಾದ ಬದಲಾವಣೆಗಳು ಕಂಠದಾನ ಕಲಾವಿದರ ಬದುಕಿನಿಂದ ಬಂದವು. 1998ರಲ್ಲಿ ಫಿಲ್ ಹಾರ್ಟ್‌ಮನ್ ತೀರಿಕೊಂಡಾಗ ಅವರ ಎರಡು ಮುಖ್ಯ ಪಾತ್ರಗಳನ್ನು ಬೇರೆ ಕಂಠಕ್ಕೆ ಒಪ್ಪಿಸದೆ ಕೈಬಿಡಲಾಯಿತು. ಮ್ಯಾಗಿ ರಾಸ್‌ವೆಲ್ 1999ರಲ್ಲಿ ಸಂಭಾವನೆಯ ಭಿನ್ನಾಭಿಪ್ರಾಯದಿಂದ ಹೊರನಡೆದ ಮೇಲೆ, ಅವರು ಕಂಠ ನೀಡುತ್ತಿದ್ದ ಮಾಡ್ ಫ್ಲಾಂಡರ್ಸ್ 2000ದಲ್ಲಿ ಮರಣಹೊಂದುತ್ತಾಳೆ. 2002ರಲ್ಲಿ ಕಲಾವಿದೆ ಮರಳಿದರೂ ಪಾತ್ರ ಮರಳಿ ಬದುಕಲಿಲ್ಲ. ಆಕೆಯ ಗಂಡ ನೆಡ್ ಮುಂದೆ ಶಿಕ್ಷಕಿ ಎಡ್ನಾಳನ್ನು ವರಿಸಿದನು. 2013ರಲ್ಲಿ ಎಡ್ನಾಳ ಕಂಠವಾಗಿದ್ದ ಮಾರ್ಸಿಯಾ ವ್ಯಾಲೇಸ್ ನಿಧನರಾದರು, ನೆಡ್ ಎರಡನೆಯ ಬಾರಿ ವಿಧುರನಾದನು. ನಮ್ಮ ಬಯಲಾಟಗಳಲ್ಲಿ ಪಾತ್ರಧಾರಿ ತೀರಿಕೊಂಡರೆ ಪಾತ್ರವು ಮತ್ತೊಬ್ಬನಿಗೆ ಸಲ್ಲುತ್ತದೆ. ಭೀಮನ ವೇಷ ಅವನೊಡನೆ ಮಣ್ಣಾಗುವುದಿಲ್ಲ. ಗೆರೆಯಲ್ಲಿ ಮೂಡಿದ, ದೇಹವೇ ಇಲ್ಲದ ಪಾತ್ರವೊಂದು ಕಲಾವಿದೆಯ ದೇಹಕ್ಕೆ ಇಷ್ಟೊಂದು ಬಿಗಿಯಾಗಿ ಕಟ್ಟಿಕೊಂಡಿರುವುದು ಪ್ರದರ್ಶನ ಸಿದ್ಧಾಂತದ ಅಧ್ಯಯನಕಾರರು ಚರ್ಚಿಸಬೇಕಾದ ಸಂಗತಿ.

ಅಪುವಿನ ಪ್ರಕರಣದಲ್ಲಿ ಬದಲಾವಣೆ ಬಂದದ್ದು ಪ್ರೇಕ್ಷಕರ ಕಡೆಯಿಂದ. ಭಾರತೀಯ ಮೂಲದ ಈ ಪಾತ್ರಕ್ಕೆ ಬಿಳಿಯ ಕಲಾವಿದ ಹ್ಯಾಂಕ್ ಅಜಾರಿಯಾ ಉತ್ಪ್ರೇಕ್ಷಿತ ಉಚ್ಚಾರಣೆಯಲ್ಲಿ ಕಂಠ ನೀಡುತ್ತಿದ್ದರು. ಅದರ ಅಪಹಾಸ್ಯವನ್ನು ಅನುಭವಿಸುತ್ತ ಬೆಳೆದ ಹರಿ ಕೊಂಡಬೋಲು ಅವರು 2017ರಲ್ಲಿ ಸಾಕ್ಷ್ಯಚಿತ್ರದ ಮೂಲಕ ಪ್ರಶ್ನೆ ಎತ್ತಿದರು. 2020ರಲ್ಲಿ ಅಜಾರಿಯಾ ಆ ಪಾತ್ರದಿಂದ ಹಿಂದೆ ಸರಿದರು. ಪಾತ್ರವನ್ನು ಕೊಲ್ಲಲಿಲ್ಲ, ಊರು ಬಿಡಿಸಲಿಲ್ಲ. ಆ ನಂತರದ ಕಂತುಗಳ ಗುಂಪುದೃಶ್ಯಗಳಲ್ಲಿ ಅಪು ಆಗಾಗ ಮಾತಿಲ್ಲದೆ ನಿಂತಿರುವುದನ್ನು ಕಾಣಬಹುದು.