ಮನೆಯ ಗಣಕಯಂತ್ರದಲ್ಲಿ ಮರುಕಳಿಸುವ ‘ಅನುಮತಿ ಇಲ್ಲ’ ದೋಷ: ಕಾರಣ ಮತ್ತು ಪರಿಹಾರ

ವಿಂಡೋಸ್ 10 ತಂತ್ರಾಂಶಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಆ ಕಾರಣದಿಂದ ಮನೆಯ ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 11 ಅಳವಡಿಸಿಕೊಳ್ಳುವವರು, ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿಕೊಳ್ಳುವವರು ಇದ್ದಾರೆ. ಅನಂತರ ಹಳೆಯ ಫೋಲ್ಡರ್ ತೆರೆಯಲು ಹೋದಾಗ ‘ಆಕ್ಸೆಸ್ ಡಿನೈಡ್’ ಎಂಬ ಸಂದೇಶ ಕಾಣಿಸಿಕೊಳ್ಳುತ್ತದೆ. ಬಳಕೆದಾರರ ಹೆಸರು ಅದೇ, ಪಾಸ್‌ವರ್ಡ್ ಅದೇ. ಆದರೂ ಸ್ವಂತ ಕಡತಕ್ಕೆ ಪ್ರವೇಶವಿಲ್ಲ.

ಒಂದೇ ಹೆಸರಿನ ಇಬ್ಬರು ಖಾತೆದಾರರಿರುವ ಗ್ರಾಮದಲ್ಲಿ ಆಸ್ತಿಯನ್ನು ಹೆಸರೊಂದರಿಂದಲೇ ಗುರುತಿಸಲಾಗದು, ಸ್ವತ್ತಿನ ಸಂಖ್ಯೆ ಬೇಕು. ವಿಂಡೋಸ್ ಕೂಡ ಬಳಕೆದಾರರನ್ನು ಹೆಸರಿನಿಂದಲ್ಲ, ಖಾತೆ ತೆರೆದಾಗ ತಾನೇ ನೀಡುವ ಉದ್ದನೆಯ ಗುರುತು ಸಂಖ್ಯೆಯಿಂದ ಅರಿಯುತ್ತದೆ. ಫಾರ್ಮ್ಯಾಟ್ ಆದ ಮೇಲೆ ತೆರೆದ ಖಾತೆಗೆ ಹೊಸ ಸಂಖ್ಯೆ. ಹಳೆಯ ಕಡತಗಳ ಮೇಲೆ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಫೋಲ್ಡರ್‌ನ ‘ಪ್ರಾಪರ್ಟೀಸ್’ನಲ್ಲಿ ‘ಸೆಕ್ಯುರಿಟಿ’ ಪುಟ ತೆರೆದರೆ ‘ಅಕೌಂಟ್ ಅನ್‌ನೋನ್’ ಎಂದೋ, ‘ಎಸ್-1-5-21’ ಎಂದು ಆರಂಭವಾಗುವ ಅಂಕಿಗಳ ಸಾಲೋ ಕಂಡುಬಂದಲ್ಲಿ ಇದೇ ಕಾರಣವೆಂದು ತಿಳಿಯಬಹುದು.

ಪರಿಹಾರ ಅದೇ ಪುಟದಲ್ಲಿದೆ. ‘ಅಡ್ವಾನ್ಸ್ಡ್’ ಒತ್ತಿ, ‘ಓನರ್’ ಎದುರಿನ ‘ಚೇಂಜ್’ ಮೂಲಕ ಈಗಿನ ಖಾತೆಯ ಹೆಸರು ನೀಡಿ, ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸುವಂತೆ ಕೆಳಗಿನ ಚೌಕದಲ್ಲಿ ಗುರುತು ಹಾಕಬೇಕು. ಇದಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆ ಅಗತ್ಯ. ಅನಂತರ ಕಡತಗಳನ್ನು ‘ಕಟ್’ ಮಾಡದೆ ‘ಕಾಪಿ’ ಮಾಡಿ ‘ಡಾಕ್ಯುಮೆಂಟ್ಸ್’ಗೆ ತರುವುದು ಉತ್ತಮ. ಒಂದೇ ಡ್ರೈವ್‌ನೊಳಗೆ ಕಟ್ ಮಾಡಿ ಸಾಗಿಸಿದ ಕಡತವು ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ಕಾಪಿಯಾದರೆ ಹೊಸ ಸ್ಥಳದ ಅನುಮತಿಯನ್ನು ಪಡೆಯುತ್ತದೆ. ಒಮ್ಮೆ ಸರಿಪಡಿಸಿದ ದೋಷ ಮತ್ತೆ ತಲೆದೋರುವುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದಲೇ.

ಬೇಸತ್ತು ಇಡೀ ‘ಸಿ’ ಡ್ರೈವ್‌ನ ಮಾಲೀಕತ್ವವನ್ನು ಬದಲಿಸುವುದು, ‘ಎವ್ರಿಒನ್’ಗೆ ಪೂರ್ಣ ಅಧಿಕಾರ ಕೊಡುವುದು ಸರಿಯಲ್ಲ. ವಿಂಡೋಸ್‌ನ ಸ್ವಂತ ಕಡತಗಳ ರಕ್ಷಣೆ ಅದರಿಂದ ಸಡಿಲಗೊಳ್ಳುತ್ತದೆ, ಯಂತ್ರವೇ ಕೆಡಬಹುದು. ತೊಂದರೆಯಿರುವ ಫೋಲ್ಡರ್‌ಗಷ್ಟೇ ಬದಲಾವಣೆ ಸೀಮಿತವಾಗಿರಲಿ.

ಯಾವುದೋ ಒಂದು ತಂತ್ರಾಂಶದಿಂದ ಮಾತ್ರ ಕಡತ ಉಳಿಸಲಾಗದಿದ್ದರೆ ಮಾಲೀಕತ್ವವನ್ನು ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ‘ವಿಂಡೋಸ್ ಸೆಕ್ಯುರಿಟಿ’ಯ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ವಿಭಾಗದಲ್ಲಿ ಫೋಲ್ಡರ್ ರಕ್ಷಣೆ ಚಾಲನೆಯಲ್ಲಿದೆಯೇ ಎಂದು ನೋಡಿ, ನಂಬಲರ್ಹ ತಂತ್ರಾಂಶವಾದರೆ ಅದಕ್ಕೆ ಅಲ್ಲಿಯೇ ಅನುಮತಿ ನೀಡಬಹುದು.

ಇವೆಲ್ಲವುಗಳಿಗಿಂತ ಗಂಭೀರವಾದುದು ಬೀಗದ ಚಿಹ್ನೆಯುಳ್ಳ ಕಡತ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ‘ಎನ್‌ಕ್ರಿಪ್ಟ್’ ಮಾಡಿಟ್ಟ ಕಡತವೂ ಇದೇ ‘ಆಕ್ಸೆಸ್ ಡಿನೈಡ್’ ಸಂದೇಶವನ್ನು ತೋರಿಸುತ್ತದೆ. ಆದರೆ ಮಾಲೀಕತ್ವ ಬದಲಿಸಿದ ಮಾತ್ರಕ್ಕೆ ಅದು ತೆರೆಯದು. ಹಳೆಯ ಖಾತೆಯ ಪ್ರಮಾಣಪತ್ರ, ಅಂದರೆ ಅದರ ಕೀಲಿ, ಬೇಕೇ ಬೇಕು. ಕೀಲಿಯ ಪ್ರತಿ ಎಲ್ಲಿಯೂ ಇರದೆ ಫಾರ್ಮ್ಯಾಟ್ ಆಗಿದ್ದಲ್ಲಿ ಮಕ್ಕಳ ಅಂಕಪಟ್ಟಿಯಾಗಲಿ ಜಮೀನಿನ ದಾಖಲೆಯ ಪ್ರತಿಯಾಗಲಿ ಮರಳಿ ದೊರೆಯುವುದಿಲ್ಲ. ಆದ್ದರಿಂದ ಯಂತ್ರವನ್ನು ದುರಸ್ತಿಗೆ ಒಪ್ಪಿಸುವ ಮುನ್ನವೇ ಅಂತಹ ಕಡತದ ‘ಪ್ರಾಪರ್ಟೀಸ್’ನಲ್ಲಿ ‘ಅಡ್ವಾನ್ಸ್ಡ್’ ತೆರೆದು, ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಎದುರಿನ ಗುರುತನ್ನು ತೆಗೆದು, ಪ್ರತಿಯೊಂದನ್ನು ಬೇರೆ ಡಿಸ್ಕ್‌ಗೆ ಮಾಡಿಕೊಂಡು, ಇನ್ನೊಂದು ಯಂತ್ರದಲ್ಲಿ ಅದು ತೆರೆಯುವುದೇ ಎಂದು ಪರೀಕ್ಷಿಸಿಕೊಳ್ಳತಕ್ಕದ್ದು.