ದೇವರ ಹೆಸರಿನಲ್ಲಿ ಎರಡು ಮಾತು

ಪ್ರವಾದನೆ ಎಂದೊಡನೆ ನಮಗೆ ನೆನಪಾಗುವುದು ಕಾಲಜ್ಞಾನ. ಆದರೆ ಬೈಬಲಿನ ಪ್ರವಾದಿ ಜ್ಯೋತಿಷಿಯಲ್ಲ. ನಾಳೆ ಏನಾದೀತು ಎನ್ನುವುದಕ್ಕಿಂತ, ದೇವರು ಇಂದು ಏನನ್ನು ಬಯಸುತ್ತಾನೆ ಎಂದು ತಿಳಿಸುವುದೇ ಅವನ ಮುಖ್ಯ ಕೆಲಸ. ಹಾಗಾದರೆ ಇಬ್ಬರು ಪ್ರವಾದಿಗಳು ದೇವರ ಹೆಸರಿನಲ್ಲೇ ಪರಸ್ಪರ ವಿರುದ್ಧವಾಗಿ ನುಡಿದರೆ ಜನ ಯಾರನ್ನು ನಂಬಬೇಕು? ಹಳೆಯ ಒಡಂಬಡಿಕೆಯ ಯೆರೆಮೀಯನ ಗ್ರಂಥದ 28ನೇ ಅಧ್ಯಾಯದಲ್ಲಿ ಇಂಥದೊಂದು ಪ್ರಸಂಗವಿದೆ.

ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿನ ದೊರೆ ನೆಬೂಕದ್ನೆಚ್ಚರ ಜೆರುಸಲೇಮನ್ನು ಗೆದ್ದ. ಯೆಹೂದದ ಅರಸ ಯೆಹೋಯಾಖೀನನನ್ನು ಸೆರೆಯೊಯ್ದು, ಚಿದ್ಕೀಯನನ್ನು ಸಾಮಂತನಾಗಿ ಪಟ್ಟಕ್ಕೇರಿಸಿದ. ದೇವಾಲಯದ ಪಾತ್ರೆಗಳೂ ಬ್ಯಾಬಿಲೋನಿನ ಪಾಲಾದವು. ಕೆಲವೇ ವರ್ಷಗಳಲ್ಲಿ ದಂಗೆಯ ಮಾತು ಕೇಳಿಬರತೊಡಗಿತು.

ಆಗ ಪ್ರವಾದಿ ಯೆರೆಮೀಯ ಮರದ ನೊಗವೊಂದನ್ನು ಕೊರಳಿಗೆ ಹಾಕಿಕೊಂಡು ಜನರ ಮುಂದೆ ಬಂದ. ಬ್ಯಾಬಿಲೋನಿಗೆ ತಲೆಬಾಗಿದರೆ ಮಾತ್ರ ಉಳಿವು ಎಂಬುದು ಅವನ ಸಂದೇಶ. ಇದು ದೇಶದ್ರೋಹದ ಮಾತಿನಂತೆ ಕೇಳಿಸುತ್ತಿತ್ತು. ಗಿಬ್ಯೋನಿನ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲೇ ಅವನನ್ನು ಎದುರಿಸಿದ. ಎರಡು ವರ್ಷದೊಳಗೆ ಸೆರೆಯಾದವರೂ ಪಾತ್ರೆಗಳೂ ಮರಳಿ ಬರುವುದು ಖಚಿತವೆಂದು ಸಾರಿದ.

ಯೆರೆಮೀಯ ಸಿಟ್ಟಾಗಲಿಲ್ಲ. ಹಾಗೆಯೇ ಆಗಲಿ ಎಂದೇ ಹಾರೈಸಿದ. ಆದರೆ ಶುಭ ನುಡಿಯುವವನು ನಿಜ ಪ್ರವಾದಿಯೆಂದು ಗೊತ್ತಾಗುವುದು ಆ ನುಡಿ ಫಲಿಸಿದಾಗಲೇ ಎಂದ. ಹನನ್ಯ ನೊಗವನ್ನು ಕಿತ್ತು ಮುರಿದುಹಾಕಿದ. ಯೆರೆಮೀಯ ಸುಮ್ಮನೆ ಹೊರಟುಹೋದ. ಮರದ ನೊಗ ಹೋಗಿ ಕಬ್ಬಿಣದ ನೊಗ ಬರುತ್ತದೆಂದು ಅವನು ಎಚ್ಚರಿಸಿದ್ದು ಆಮೇಲೆ.

ನುಡಿದದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ ಎಂಬ ಒರೆಗಲ್ಲು ಧರ್ಮೋಪದೇಶಕಾಂಡದಲ್ಲಿದೆ. ತೊಡಕೆಂದರೆ, ಫಲ ಕಾಣುವವರೆಗೆ ಕಾಯಲು ಜನರಿಗೆ ಪುರುಸೊತ್ತಿರಲಿಲ್ಲ. ನಿರ್ಧಾರ ಅಂದೇ ಆಗಬೇಕಿತ್ತು. ಅಲ್ಲದೆ ನುಡಿದದ್ದೆಲ್ಲ ನಡೆಯಲೇಬೇಕೆಂದೂ ಇಲ್ಲ. ನಿನೆವೆ ನಾಶವಾಗುತ್ತದೆಂದು ಯೋನ ಸಾರಿದ. ಜನ ಪಶ್ಚಾತ್ತಾಪಪಟ್ಟರು, ಊರು ಉಳಿಯಿತು. ಅಲ್ಲಿ ಪ್ರವಾದನೆ ಸುಳ್ಳಾಗಲಿಲ್ಲ, ತನ್ನ ಕೆಲಸವನ್ನು ಮಾಡಿತು.

ಆದ್ದರಿಂದಲೇ ಬೈಬಲ್ ಬೇರೆ ಒರೆಗಲ್ಲುಗಳನ್ನೂ ಕೊಡುತ್ತದೆ. ನುಡಿದ ಅದ್ಭುತ ನಡೆದರೂ, ಅನ್ಯ ದೇವರ ಕಡೆಗೆ ಸೆಳೆಯುವವನನ್ನು ನಂಬಬಾರದು. ಕೆಟ್ಟ ದಾರಿ ಹಿಡಿದವರಿಗೆ ಏನೂ ಆಗದೆಂದು ಧೈರ್ಯ ಹೇಳುವವನನ್ನೂ ನಂಬಬಾರದು. ಕೇಳುವವರನ್ನು ಹಿತನುಡಿಯಿಂದ ಮಲಗಿಸುತ್ತಾನೆಯೇ, ಬದಲಾಗುವಂತೆ ಎಚ್ಚರಿಸುತ್ತಾನೆಯೇ ಎಂಬುದೇ ಮುಖ್ಯ.

ಚಿದ್ಕೀಯ ಕೊನೆಗೆ ದಂಗೆಯೆದ್ದ. ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮ್ ಸುಟ್ಟುಹೋಯಿತು, ದೇವಾಲಯ ನೆಲಸಮವಾಯಿತು. ಆ ಕೊನೆಯ ದಿನಗಳಲ್ಲಿ ಮಡಕೆ ಚೂರುಗಳ ಮೇಲೆ ಬರೆದ ಕೆಲವು ಪತ್ರಗಳು 1935ರಲ್ಲಿ ಲಾಕೀಷ್ ಕೋಟೆಯ ಅವಶೇಷಗಳಲ್ಲಿ ಸಿಕ್ಕವು. ಲಾಕೀಷಿನ ಬೆಂಕಿಯ ಸಂಕೇತಕ್ಕಾಗಿ ಕಾದಿದ್ದೇವೆ, ಅಜೇಕದ್ದು ಕಾಣುತ್ತಿಲ್ಲ ಎಂದು ಒಂದು ಪತ್ರ ಹೇಳುತ್ತದೆ. ಇನ್ನೊಂದರಲ್ಲಿ ಪ್ರವಾದಿಯೊಬ್ಬನ ಎಚ್ಚರಿಕೆಯ ಪ್ರಸ್ತಾಪವಿದೆ. ಅವನ ಹೆಸರು ಮಾತ್ರ ಅಲ್ಲಿಲ್ಲ.