ನಿಮಗಿದು ಗೊತ್ತೇ? ಚಿತ್ತುಕಾಟಿನ ಚಮತ್ಕಾರಗಳು

ಕಥೆ ಬರೆಯುತ್ತೀರಾ? ಬರೆದದ್ದನ್ನು ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು ಪುಟವೆಲ್ಲ ಚಿತ್ತಾಗಿದೆಯಾ? ಹಾಗಾದರೆ ಕೇಳಿ!

ಗದುಗಿನ ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲೇ ಎಂಥ ಮಾತು ಹೇಳಿಕೊಂಡಿದ್ದಾನೆ ಗೊತ್ತೇ? ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನೂ ಅಲ್ಲ ಎಂದು! ಹತ್ತು ಪರ್ವಗಳ ಅಷ್ಟು ದೊಡ್ಡ ಕಾವ್ಯ. ಒಂದೂ ಕಾಟಿಲ್ಲವಂತೆ!

ತಾಳೆಗರಿಯಲ್ಲಿ ತಿದ್ದುವುದೂ ಸುಲಭವಿರಲಿಲ್ಲ ಬಿಡಿ. ಕಂಠವೆಂಬ ಕಬ್ಬಿಣದ ಕಡ್ಡಿಯಿಂದ ಗರಿಯನ್ನು ಕೊರೆದೇ ಬರೆಯಬೇಕು. ಕೊರೆದ ಗೀರು ಉಜ್ಜಿದರೆ ಹೋದೀತೇ? ಮೇಲೆ ಮಸಿ ಸವರಿದರೆ ತಪ್ಪು ಅಕ್ಷರವೂ ಕಪ್ಪಗೆ ಎದ್ದು ಕಾಣುತ್ತದೆ! ಅಕ್ಷರ ಬಿಟ್ಟುಹೋಗಿದ್ದರೆ ಹಂಸಪಾದವೆಂಬ ಗುರುತು ಹಾಕಿ ಪಕ್ಕದಲ್ಲಿ ಸೇರಿಸುತ್ತಿದ್ದರು.

ಆದರೆ ನಮ್ಮ ಹಿರಿಯರ ಹತ್ತಿರ ಅಳಿಸಿ ಬರೆಯುವ ಪುಸ್ತಕವೂ ಇತ್ತು! ಅದೇ ಕಡತ. ಹತ್ತಿಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸುತ್ತಿದ್ದರು. ಬಟ್ಟೆ ಕರಿಹಲಗೆಯಂತಾಗುತ್ತಿತ್ತು. ಬಳಪದಲ್ಲಿ ಬರೆಯುವುದು, ಬೇಡವೆಂದರೆ ಒರೆಸುವುದು. ಬಣ್ಣ ಸವೆಯಿತೇ? ಮತ್ತೊಮ್ಮೆ ಬಳಿದರಾಯಿತು, ಪುಸ್ತಕ ಹೊಸದು! ಮೈಸೂರಿನಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ಅಳತೆಯನ್ನೂ ಬರೆದಿಟ್ಟಿದ್ದಾನೆ. ಉದ್ದ 12ರಿಂದ 18 ಅಡಿ! ಅಷ್ಟುದ್ದದ ಬಟ್ಟೆಯನ್ನು ಹಿಂದೆ ಮುಂದೆ ಮಡಚಿದರೆ ಕೈಗೆ ಹಿಡಿಸುವ ಪುಸ್ತಕ. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇದ್ದೀತು, ಹುಡುಕಿ ನೋಡಿ!

ಪಂಪ ಆದಿಪುರಾಣ ಮುಗಿಸಿದ್ದು ಮೂರು ತಿಂಗಳಲ್ಲಿ. ಭಾರತಕ್ಕೆ ಆರು ತಿಂಗಳು. ಇದು ಅವನೇ ಕೊಟ್ಟ ಲೆಕ್ಕ. ಎರಡೂ ಸೇರಿ ಒಂಬತ್ತು ತಿಂಗಳು! ಕುವೆಂಪು ಅವರಿಗೆ ‘ಶ್ರೀ ರಾಮಾಯಣ ದರ್ಶನಂ’ ಒಂದಕ್ಕೇ ಹಿಡಿದದ್ದು ಒಂಬತ್ತು ವರ್ಷ!

ರವೀಂದ್ರನಾಥ ಟ್ಯಾಗೋರರು ಹಸ್ತಪ್ರತಿಯಲ್ಲಿ ಹೊಡೆದ ಸಾಲುಗಳನ್ನು ಹಾಗೇ ಬಿಡುತ್ತಿರಲಿಲ್ಲ. ಒಂದು ಕಾಟಿಗೆ ಇನ್ನೊಂದು ಕಾಟು ಜೋಡಿಸಿ ಹಕ್ಕಿ, ಮೃಗ, ಮುಖ ಮಾಡಿಬಿಡುತ್ತಿದ್ದರು. ಆ ಚಿತ್ತೇ ಬೆಳೆದು ಚಿತ್ರವಾಯಿತು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಪ್ರದರ್ಶನವೇ ನಡೆಯಿತು. ಆಗ ಅವರಿಗೆ 69 ವರ್ಷ!

ಟಾಲ್‌ಸ್ಟಾಯ್ ಅಕ್ಷರ ಓದುವುದೇ ಕಷ್ಟ. ‘ಯುದ್ಧ ಮತ್ತು ಶಾಂತಿ’ಯ ಕರಡುಗಳನ್ನು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿದವರು ಹೆಂಡತಿ ಸೋಫಿಯಾ. ಆ ಪ್ರತಿಯ ಮೇಲೂ ಗಂಡನ ಕಾಟು! ಆ ತಾಯಿಗೊಂದು ನಮಸ್ಕಾರ ಹೇಳಲೇಬೇಕು.

ಹೆಮಿಂಗ್ವೇ ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯನ್ನು 39 ಸಲ ಬರೆದೆ ಎಂದಿದ್ದ. ಆಮೇಲೆ ಅವನ ಕಾಗದಪತ್ರ ಎಣಿಸಿ ನೋಡಿದರೆ ಸಿಕ್ಕಿದ್ದು 47! ಅಷ್ಟನ್ನೂ ಸೇರಿಸಿ 2012ರಲ್ಲಿ ಅಚ್ಚು ಹಾಕಿದರು.

ಈಗ ನಮ್ಮ ಕಡೆಗೆ ಬನ್ನಿ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಆಚೆ ದಾಟಿದರೆ ಕಾದಂಬರಿಕಾರ ತ.ರಾ.ಸು. ಅವರ ಚಿತ್ರದುರ್ಗದ ಸೀಮೆ. 1972ರ ‘ನಾಗರಹಾವು’ ಸಿನಿಮಾ ನೋಡಿದ್ದೀರಲ್ಲ? ಅದರೊಳಗೆ ಅವರ ಮೂರು ಕಾದಂಬರಿಗಳಿವೆ! ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಎಷ್ಟು ಪುಟ ಬಿಟ್ಟಿರಬೇಕು, ಊಹಿಸಿ!

ಬರಗೂರು ರಾಮಚಂದ್ರಪ್ಪನವರಂತೂ ನಮ್ಮ ಶಿರಾ ತಾಲ್ಲೂಕಿನವರೇ. ಕಾದಂಬರಿ ಬರೆದರು, ಸಿನಿಮಾ ಮಾಡಿದರು. ರಾಜ್ಯದ ಪಠ್ಯಪುಸ್ತಕಗಳ ಪರಿಷ್ಕರಣ ಸಮಿತಿಗೂ ಅಧ್ಯಕ್ಷರಾಗಿ ದುಡಿದರು. ಕಥೆಯಿಂದ ಒಂದು ಪಾತ್ರ ಕೈಬಿಡಲು ನೀವು ಎಷ್ಟು ಒದ್ದಾಡುತ್ತೀರಿ? ಅವರ ‘ಶಾಂತಿ’ ಚಿತ್ರ ನೋಡಿ. ಶುರುವಿನಿಂದ ಕೊನೆಯವರೆಗೆ ತೆರೆಯ ಮೇಲೆ ಒಬ್ಬರೇ ನಟಿ, ಭಾವನಾ!